ಇಂಟರಾಕ್ಟಿವ್ ಗೋಡೆ ಮಾಡಿದೆ, ಜನ ಕೈ ಎತ್ತಿ ನೋಡಿ ಹೋಗಿಬಿಟ್ಟರು. ಯಾರ ಕೆಲಸ ನೋಡಿ ಕಲಿಯಲಿ?

ಗೀಚುಗಾರ:
ಡಿಸೈನ್ ಓದುತ್ತಿದ್ದೇನೆ, ಕೊನೆಯ ವರ್ಷ. ಹೋದ ತಿಂಗಳು ಪ್ರದರ್ಶನಕ್ಕೆ ಅಂತ ಗೋಡೆ ತುಂಬ ಮೀನು ಬಿಟ್ಟಿದ್ದೆ, ಪ್ರೊಜೆಕ್ಟರ್‌ನಲ್ಲಿ. ಕೈ ಎತ್ತಿದರೆ ಹತ್ತಿರ ಬರುತ್ತವೆ, ಎರಡೂ ಕೈ ಚಾಚಿದರೆ ಚದುರುತ್ತವೆ. ಮೂರು ತಿಂಗಳು ನಿದ್ದೆಗೆಟ್ಟು ಮಾಡಿದ್ದು. ಬಂದವರು ಪಕ್ಕದಲ್ಲಿ ಅಂಟಿಸಿದ್ದ ಸೂಚನೆ ಓದಿ, ಒಂದು ಸಲ ಕೈ ಎತ್ತಿ, "ಚೆನ್ನಾಗಿದೆ" ಅಂದು ಮುಂದೆ ಹೋದರು.

ಒಬ್ಬ ಪುಟ್ಟ ಹುಡುಗ ಮಾತ್ರ ಹತ್ತು ನಿಮಿಷ ನಿಂತ. ಆದರೆ ಅವನು ಮಾಡಿದ್ದೇನು? ಪ್ರೊಜೆಕ್ಟರ್ ಬೆಳಕಿಗೆ ಕೈ ಅಡ್ಡ ಹಿಡಿದು ನೆರಳಲ್ಲಿ ನಾಯಿ ಮಾಡಿ ಬೊಗಳಿಸುತ್ತಿದ್ದ! ನನ್ನ ಮೀನುಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ನಿಜವಾಗಲೂ ನೋಡಲೇಬೇಕಾದ ಕೆಲಸಗಳಿದ್ದರೆ ಹೇಳಿ.

ಹಳೇಪ್ರೊಜೆಕ್ಟರ್:
ಉತ್ತರ ಆ ಹುಡುಗನೇ ಕೊಟ್ಟಿದ್ದಾನಲ್ವಾ? ನೆರಳಿಗೆ ಸೂಚನೆ ಬೇಕಿಲ್ಲ, ಕಾಯಿಸುವುದೂ ಇಲ್ಲ.

ಮೊದಲು ಮೈರನ್ ಕ್ರೂಗರ್ ಮಾಡಿದ 'ವಿಡಿಯೊಪ್ಲೇಸ್' ಹುಡುಕಿ ನೋಡಿ. 1970ರ ದಶಕದ್ದು. ಎದುರು ನಿಂತವರ ಆಕಾರವನ್ನು ಕ್ಯಾಮೆರಾ ಹಿಡಿದು ಪರದೆ ಮೇಲೆ ಬಿಡುತ್ತದೆ, ಅಲ್ಲಿರುವ ಚಿತ್ರಗಳ ಜೊತೆ ನೀವು ಆಡಬಹುದು. ಅದಕ್ಕೂ ಮುಂಚೆ ಅವರು ಇನ್ನೊಂದು ಜಾಗದಲ್ಲಿದ್ದ ಗೆಳೆಯನ ಜೊತೆ ವಿಡಿಯೊ ಜೋಡಿಸಿಕೊಂಡು ಕೆಲಸ ಮಾಡುತ್ತಿದ್ದರು. ಪರದೆ ಮೇಲೆ ಇವರ ಕೈಯ ಚಿತ್ರ ಗೆಳೆಯನ ಕೈಯ ಚಿತ್ರಕ್ಕೆ ತಾಗಿತು. ಗೆಳೆಯ ಥಟ್ಟನೆ ಕೈ ಸರಿಸಿದ. ತಾಗಿದ್ದು ಚಿತ್ರಕ್ಕೆ, ಸರಿದಿದ್ದು ನಿಜವಾದ ಕೈ. ನನಗೆ ಈ ವಿದ್ಯೆಯ ಹುಚ್ಚು ಹತ್ತಿದ್ದೇ ಈ ಕಥೆ ಓದಿ.

ಆಮೇಲೆ 'ಟೆಕ್ಸ್ಟ್ ರೇನ್', 1999. ಕ್ಯಾಮಿಲ್ ಅಟರ್‌ಬ್ಯಾಕ್ ಮತ್ತು ರೋಮಿ ಅಖಿಟುವ್ ಮಾಡಿದ್ದು. ಮೇಲಿನಿಂದ ಅಕ್ಷರಗಳು ಮಳೆ ಹಾಗೆ ಬೀಳುತ್ತವೆ, ನಿಮ್ಮ ತಲೆ, ಭುಜ, ತೋಳಿನ ಮೇಲೆ ನಿಲ್ಲುತ್ತವೆ. ತೋಳು ಚಾಚಿಕೊಂಡು ಸ್ವಲ್ಪ ಹೊತ್ತು ತಾಳಿದರೆ ಕವಿತೆಯ ಸಾಲೇ ಕೂಡಿಕೊಳ್ಳುತ್ತದೆ. ಒಳಗಿನ ಲೆಕ್ಕ ತುಂಬ ಸರಳ: ಹಿನ್ನೆಲೆ ಬೆಳ್ಳಗೆ, ಯಾವುದು ಕಪ್ಪಗೆ ಕಂಡರೂ ಅಕ್ಷರ ಅದರ ಮೇಲೆ ಕೂರುತ್ತದೆ. ಕೈಯೋ ಕೊಡೆಯೋ ಅದಕ್ಕೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಅದೇ ವರ್ಷದ ಇನ್ನೊಂದು, ಡೇನಿಯಲ್ ರೋಜಿನ್ ಅವರ 'ವುಡನ್ ಮಿರರ್'. 830 ಮರದ ತುಂಡು, ಒಂದೊಂದರ ಹಿಂದೆಯೂ ಒಂದು ಪುಟ್ಟ ಮೋಟಾರ್. ಬೆಳಕಿನ ಕಡೆ ಓರೆಯಾದ ತುಂಡು ತಿಳಿಯಾಗಿ ಕಾಣುತ್ತದೆ, ಕೆಳಗೆ ಬಾಗಿದ್ದು ಗಾಢವಾಗಿ. ಹಾಗೆ ಮರದಲ್ಲೇ ನಿಮ್ಮ ಮುಖ ಮೂಡುತ್ತದೆ. ವಿಡಿಯೊ ನೋಡುವಾಗ ವಾಲ್ಯೂಮ್ ಜಾಸ್ತಿ ಇಡಿ. ನೀವು ಅಲ್ಲಾಡಿದರೆ ಮರ ಚಟಪಟ ಅನ್ನುತ್ತದೆ, ಅರ್ಧ ಮಜಾ ಇರುವುದೇ ಆ ಸದ್ದಿನಲ್ಲಿ.

ಒಂದು ಅನುಮಾನ. ನಿಮ್ಮ ಮೀನುಗಳು ತಡವಾಗಿ ಓಗೊಡುತ್ತಿದ್ದವಾ? ನಾನೂ ಹಾಗೆ ಕೆಟ್ಟಿದ್ದೇನೆ. ಕೈಯ ಗುರುತು ನಡುಗಬಾರದು ಅಂತ ಕ್ಯಾಮೆರಾದ ಕೊನೆಯ 20 ಫ್ರೇಮ್‌ಗಳ (ಬಿಡಿ ಚಿತ್ರಗಳ) ಸರಾಸರಿ ತೆಗೆದೆ. ಸೆಕೆಂಡಿಗೆ 30 ಫ್ರೇಮ್ ಇದ್ದಿದ್ದು. ಸರಾಸರಿ ಬೀಳುವುದು ಆ 20ರ ನಡುವಿಗೆ, ಅಂದರೆ ಸುಮಾರು 10 ಫ್ರೇಮ್ ಹಿಂದೆ, ಸೆಕೆಂಡಿನ ಮೂರನೇ ಒಂದು ಭಾಗ ತಡ. ಲ್ಯಾಪ್‌ಟಾಪ್‌ನಲ್ಲಿ ನೋಡಿದಾಗ ಬೆಣ್ಣೆ ಹಾಗಿತ್ತು, ಗೋಡೆ ಮೇಲೆ ಹಾಕಿದಾಗ ಯಾರಿಗೂ ಅದು ತಮ್ಮ ಕೈ ಅನ್ನಿಸಲೇ ಇಲ್ಲ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಮಾತ್ರ 'ನಾನೇ ಮಾಡಿದ್ದು' ಅನ್ನಿಸುವುದು. ಸ್ವಲ್ಪ ನಡುಗಿದರೂ ಪರವಾಗಿಲ್ಲ, ತಡವಾಗುವುದು ಬೇಡ.

ಅರ್ಧಪಿಕ್ಸೆಲ್:
ಹಳೇಪ್ರೊಜೆಕ್ಟರ್ ಅವರಿಗೆ ಎಲ್ಲವೂ ಕನ್ನಡಿಯೇ! ನಿಧಾನದ ಕೆಲಸಗಳೂ ಇವೆ ಸ್ವಾಮಿ. ರಫಾಯೆಲ್ ಲೊಜಾನೊ-ಹೆಮ್ಮರ್ ಅವರ 'ಪಲ್ಸ್ ರೂಮ್' (2006) ನೋಡಿ. ಹಿಡಿಕೆ ಹಿಡಿದರೆ ನಿಮ್ಮ ಎದೆಬಡಿತಕ್ಕೆ ಒಂದು ಬಲ್ಬ್ ಮಿನುಗುತ್ತದೆ. ಕೈ ಬಿಟ್ಟಾಗ ಕೋಣೆಯೆಲ್ಲ ಒಂದು ಕ್ಷಣ ಕತ್ತಲು, ಆಮೇಲೆ ನಿಮ್ಮ ಬಡಿತ ಮೇಲಿನ ಬಲ್ಬ್‌ಗಳ ಸಾಲಿಗೆ ಸೇರಿಕೊಳ್ಳುತ್ತದೆ, ಮುಂಚೆ ಬಂದವರದ್ದೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿಯುತ್ತದೆ. ಅಲ್ಲಿ ಯಾರಿಗೂ ಅವಸರವಿಲ್ಲ. 2012ರ 'ರೇನ್ ರೂಮ್' ಕೂಡ ಹಾಗೇ: ಸುರಿಯುವ ನೀರಿನ ನಡುವೆ ನೀವಿರುವ ಕಡೆ ಮಾತ್ರ ಮಳೆ ನಿಲ್ಲುತ್ತದೆ. ಓಡಿದರೆ ನೆನೆಯುತ್ತೀರಿ!

ಗೀಚುಗಾರ, ಇನ್ನೊಂದು ವಿಷಯ. ಮಾಮೂಲಿ ಕ್ಯಾಮೆರಾ ಇಟ್ಟಿದ್ದರೆ ಅದಕ್ಕೆ ಜನರ ಜೊತೆ ನಿಮ್ಮ ಮೀನುಗಳೂ ಕಾಣುತ್ತವೆ, ಗೊಂದಲವಾಗುತ್ತದೆ. ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ದೀಪ ಹಾಕಿ, ಬರೀ ಇನ್‌ಫ್ರಾರೆಡ್ ಬಿಡುವ ಫಿಲ್ಟರನ್ನು ಕ್ಯಾಮೆರಾಗೆ ಹಾಕಿ. ಕಿಟಕಿ ಮುಚ್ಚಿ, ಬಿಸಿಲಲ್ಲೂ ಇನ್‌ಫ್ರಾರೆಡ್ ಇರುತ್ತದೆ.

ಗೀಚುಗಾರ:
ಲೆಕ್ಕ ಹಾಕಿದೆ, ನನ್ನದೂ ಹೆಚ್ಚುಕಡಿಮೆ ಅರ್ಧ ಸೆಕೆಂಡ್ ತಡ ಇತ್ತು. ನಾಚಿಕೆ ಆಯ್ತು. ವಾರಾಂತ್ಯದಲ್ಲಿ ಕುಳಿತು ಕೈ ಗುರುತಿಸುವ ಭಾಗವನ್ನೇ ಕಿತ್ತು ಹಾಕಿ, ಪಿ5.ಜೆಎಸ್‌ನಲ್ಲಿ (ಕೋಡ್ ಬರೆದು ಚಿತ್ರ ಮೂಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಹೊಸದಾಗಿ ಬರೆದೆ. ಈಗ ಮೀನುಗಳಿಗೆ ಗೊತ್ತಿರುವುದು ಒಂದೇ: ಕಪ್ಪು ಆಕಾರದಿಂದ ದೂರ ಓಡಬೇಕು. ತಂಗಿಯನ್ನು ಏನೂ ಹೇಳದೆ ಗೋಡೆ ಮುಂದೆ ನಿಲ್ಲಿಸಿದೆ. ಮೊದಲು ತಲೆ ಅಲ್ಲಾಡಿಸಿದಳು, ಆಮೇಲೆ ನೆರಳಲ್ಲಿ ಮೊಸಳೆ ಬಾಯಿ ಮಾಡಿ ಮೀನು ಅಟ್ಟಿಸಿಕೊಂಡು ಹೋದಳು. ಒಂದು ಮೀನು ಮೂಲೆಯಲ್ಲಿ ಸಿಕ್ಕಿಕೊಂಡು ಗಿರಗಿರ ಸುತ್ತುತ್ತಿತ್ತು. ಅದು ಬಗ್. ಅವಳು ಸರಿಮಾಡಬೇಡ ಅಂದಳು.