ಭಾರ ಎತ್ತುವವರ ನರಮಂಡಲದ ದಣಿವು: ನೀವು ಹೇಗೆ ಚೇತರಿಸಿಕೊಂಡಿರಿ?

ಪ್ರಶ್ನೆ (ಮೈಸೂರು, 34 ವರ್ಷ): ಹನ್ನೊಂದು ವಾರಗಳಿಂದ ವಾರಕ್ಕೆ ಮೂರು ದಿನ ಸ್ಕ್ವಾಟ್ (ಭಾರ ಹೊತ್ತು ಕುಳಿತೇಳುವುದು), ಒಂದು ದಿನ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) ಮಾಡುತ್ತಿದ್ದೇನೆ. ಕಳೆದ ತಿಂಗಳು 140 ಕಿಲೊ ಸ್ಕ್ವಾಟ್ ಮಾಡಿದವನಿಗೆ ಈಗ 120 ಕಿಲೊ ಹೊತ್ತು ಮೇಲೇಳಲು ಆಗುತ್ತಿಲ್ಲ. ಮೈಕೈ ನೋವಿಲ್ಲ, ಆದರೆ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಸಿಎನ್‌ಎಸ್ (ಮಿದುಳು, ಬೆನ್ನುಹುರಿಗಳ ಕೇಂದ್ರ ನರಮಂಡಲ) ದಣಿದಿದೆ ಎಂದು ಜಿಮ್‌ನಲ್ಲಿ ಎಲ್ಲರೂ ಹೇಳುತ್ತಾರೆ. ಅನುಭವಿಗಳು ದಯವಿಟ್ಟು ತಿಳಿಸಿ.

ದಾವಣಗೆರೆ, 41 ವರ್ಷ: ಬಲ್ಗೇರಿಯದ ವೇಟ್‌ಲಿಫ್ಟಿಂಗ್ ಕೋಚ್ ಇವಾನ್ ಅಬಾಜಿಯೆವ್ ತಮ್ಮ ಶಿಷ್ಯರಿಂದ ದಿನವೂ ಗರಿಷ್ಠ ಭಾರ ಎತ್ತಿಸುತ್ತಿದ್ದರೆಂದು ಓದಿ, ಬಟ್ಟೆ ಅಂಗಡಿಯಲ್ಲಿ ಹತ್ತು ಗಂಟೆ ನಿಂತು ದುಡಿಯುವ ನಾನೂ ಆರು ವಾರ ಹಾಗೆಯೇ ಮಾಡಿದೆ. 180 ಕಿಲೊ ಇದ್ದ ಡೆಡ್‌ಲಿಫ್ಟ್ 155ಕ್ಕೆ ಇಳಿಯಿತು. ಮೊದಲು ಸೋತದ್ದು ಬಲಗೈ. ಕಿರುಬೆರಳು, ಉಂಗುರ ಬೆರಳು ತಾವಾಗಿಯೇ ಬಿಚ್ಚಿಕೊಂಡು ಬಾರ್ (ಭಾರದ ಸರಳು) ಜಾರುತ್ತಿತ್ತು. ಬೆಳಿಗ್ಗೆ ಅಂಗಡಿಯ ಶಟರ್ ಬೀಗ ತಿರುಗಿಸಲು ಎರಡೂ ಕೈ ಬೇಕಾಗುತ್ತಿತ್ತು. ಕತ್ತಿನ ತೊಂದರೆ ಇರಬಹುದೆಂದು ಎಂಆರ್‌ಐಗೆ 7,500 ರೂಪಾಯಿ, ಫಿಸಿಯೋಥೆರಪಿಗೆ 700ರಂತೆ ಹದಿನಾಲ್ಕು ಸಲಕ್ಕೆ 9,800, ಆನ್‌ಲೈನ್ ಕೋಚ್‌ಗೆ ನಾಲ್ಕು ತಿಂಗಳಿಗೆ 14,000, ಒಟ್ಟು 31,300 ರೂಪಾಯಿ ಕೈಬಿಟ್ಟು ಹೋಯಿತು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಒಂಬತ್ತು ದಿನ ಬಾರ್ ಮುಟ್ಟದೆ, ಆಮೇಲೆ ಎರಡು ವಾರ ಅರ್ಧ ಭಾರದಲ್ಲಿ ಕೆಲಸ ಮಾಡಿದ ಮೇಲಷ್ಟೇ ಹಿಡಿತ ಮರಳಿತು. 180 ಮತ್ತೆ ಎದ್ದದ್ದು ಏಳನೆಯ ವಾರ. ನರಮಂಡಲ ಸೋತರೆ ಹೀಗೆಯೇ ಆಗುತ್ತದೆ.

ಶಿವಮೊಗ್ಗ, 29 ವರ್ಷ: ನಿಮ್ಮ ದಣಿವು ನಿಜ, ಅದಕ್ಕಿಟ್ಟ ಹೆಸರು ತಪ್ಪು. ನರಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟು ಅಳೆದ ಪ್ರಯೋಗಗಳಲ್ಲಿ, ಭಾರೀ ಸ್ಕ್ವಾಟ್ ನಂತರ ಮಿದುಳಿನ ಆಜ್ಞೆ ಕುಗ್ಗುವುದು ಸ್ವಲ್ಪವೇ, ಅದೂ ಒಂದೆರಡು ದಿನಗಳಲ್ಲಿ ಸರಿಹೋಗುತ್ತದೆ. ಮೂರು ದಿನದವರೆಗೆ ಎಳೆಯುವುದು ಸ್ನಾಯುವಿನ ಒಳಗಿನ ದಣಿವು. ಮಗಳು ಹುಟ್ಟಿದ ವರ್ಷ ನನಗೂ ಎಲ್ಲರೂ ಸಿಎನ್‌ಎಸ್ ಎಂದೇ ಹೇಳಿದರು. ಸಂಜೆ ಆರಕ್ಕೆ ಎರಡು ಲೋಟ ಫಿಲ್ಟರ್ ಕಾಫಿ ಕುಡಿದು ಏಳಕ್ಕೆ ಜಿಮ್‌ಗೆ ಹೋಗುತ್ತಿದ್ದೆ. ಕೆಫೀನ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಮಧ್ಯಾಹ್ನದ ನಂತರ ಕಾಫಿ ಬಿಟ್ಟು, ಹನ್ನೆರಡು ರಾತ್ರಿ ಬೇರೆ ಕೋಣೆಯಲ್ಲಿ ಮಲಗಿದೆ. ಒಂದು ದಿನವೂ ಜಿಮ್ ತಪ್ಪಿಸದೆ ಬೆಂಚ್ ಪ್ರೆಸ್ (ಮಲಗಿ ಭಾರ ಎತ್ತುವುದು) 95 ಕಿಲೊಗೆ ಮರಳಿತು.

ದಾವಣಗೆರೆ: ಬೀಗ ತಿರುಗಿಸಲಾಗದೆ ನಿಂತ ಕೈ ನನ್ನದು, ನಿಮ್ಮದಲ್ಲ. ಪ್ರಯೋಗಕ್ಕೆ ಬಂದ ಹುಡುಗರು ಒಂದು ದಿನ ಎತ್ತಿ ಮನೆಗೆ ಹೋಗುತ್ತಾರೆ; ನಾನು ನಲವತ್ತೆರಡು ದಿನ ಬಿಡದೆ ಎತ್ತಿದ್ದೇನೆ. ಮಗುವಿರುವ ಮನೆಯಲ್ಲಿ ಹನ್ನೆರಡು ರಾತ್ರಿ ಬೇರೆ ಮಲಗುವ ಅನುಕೂಲ ಎಲ್ಲರಿಗೂ ಇರುವುದಿಲ್ಲ ಸ್ವಾಮಿ.

ಉಡುಪಿ, 26 ವರ್ಷ: ನಮ್ಮ ಕುಂದಾಪುರದ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕಿಲೊ ಎತ್ತಿ ಬೆಳ್ಳಿ ಗೆದ್ದ ವರ್ಷ ನಾನು ಬಾರ್ ಹಿಡಿದೆ. ಎರಡು ವರ್ಷಗಳ ಹಿಂದೆ ಎರಡನೆಯ ಸೆಟ್‌ಗೇ ಕಣ್ಣು ಕತ್ತಲೆ ಕಟ್ಟತೊಡಗಿದಾಗ ಕೋಚ್ ಐದು ತಿಂಗಳು ನರದ ದಣಿವೆಂದೇ ಹೇಳಿ ಮತ್ತೆ ಮತ್ತೆ ವಿಶ್ರಾಂತಿ ಕೊಡಿಸಿದರು. ಸ್ಪರ್ಧೆಯ ಪ್ರವೇಶ ಶುಲ್ಕ 1,500, ಬಸ್ಸು ಮತ್ತು ಲಾಡ್ಜ್‌ಗೆ ಮುಂಗಡ ಕೊಟ್ಟ 2,400 ಎಲ್ಲವೂ ನೀರುಪಾಲಾಯಿತು. 250 ರೂಪಾಯಿಯ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 ಎಂದು ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳಿಂದ ಮೂರು ತಿಂಗಳಲ್ಲಿ 12.4 ಆಯಿತು. ಆ ಸ್ಪರ್ಧೆ ತಪ್ಪಿದ್ದು ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಹುಬ್ಬಳ್ಳಿ, 37 ವರ್ಷ: ನಾನು 18,000 ಕೊಟ್ಟು ನಾಡಿಬಡಿತ ಅಳೆಯುವ ಕೈಗಡಿಯಾರ ಕೊಂಡದ್ದು ದಣಿವನ್ನು ಮೊದಲೇ ತಿಳಿಯಲೆಂದೇ. ಬೆಳಗಿನ ನಾಡಿಬಡಿತ 54ರಿಂದ 63ಕ್ಕೆ ಏರಿದರೆ ಭಾರ ಇಳಿಸುತ್ತೇನೆ. ಎರಡು ವರ್ಷಗಳಿಂದ ಒಮ್ಮೆಯೂ ಕುಸಿದಿಲ್ಲ.

ಶಿವಮೊಗ್ಗ: ಒಂದು ಬೆಳಗಿನ ನಾಡಿಬಡಿತ ಸೆಕೆಗೂ ಏರುತ್ತದೆ, ನೆಗಡಿಗೂ ಏರುತ್ತದೆ. ಅದನ್ನು ನಂಬಿ ಭಾರ ಇಳಿಸುವುದು ಸರಿಯಲ್ಲ.

ಹುಬ್ಬಳ್ಳಿ: ಒಂದು ಬೆಳಗಿನದೆಂದು ನಾನು ಎಲ್ಲಿ ಬರೆದೆ? ಏಳು ದಿನಗಳ ಸರಾಸರಿಯನ್ನೇ ನೋಡುತ್ತೇನೆ. ಓದಿ ಉತ್ತರಿಸಿ.