ಅಕ್ಕಿ ಕೊಡುವಾಗ ಫೋಟೋ ತೆಗೀಲೇಬೇಕಾ?

ಬೈತಖೋಲದವಳು:
ನಾನು ಕಾರವಾರದವಳು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಿತ್ತಲ್ಲ, ಆಗ ನಮ್ಮ ಇಗರ್ಜಿಯಿಂದ (ಚರ್ಚಿನಿಂದ) ಮನೆಮನೆಗೆ ಅಕ್ಕಿ, ಬೇಳೆ ಮುಟ್ಟಿಸಲು ಹೋದವರಲ್ಲಿ ನಾನೂ ಒಬ್ಬಳು. ಒಂದು ಮನೆಯಲ್ಲಿ ಮೀನು ಮಾರುವ ಅಕ್ಕ, ಗಂಡ ತೀರಿಹೋದವರು, ಬಾಗಿಲಿಗೆ ಬಂದರು. ಚೀಲ ನೋಡಿದರು, ನಮ್ಮ ಹುಡುಗ ಎತ್ತಿ ಹಿಡಿದ ಮೊಬೈಲನ್ನೂ ನೋಡಿದರು. ಸೆರಗು ಮುಖಕ್ಕೆ ಎಳಕೊಂಡು, "ಅಕ್ಕಿ ಉಂಟು ಬಾಯಿ, ಬೇಡ" ಅಂದರು. ಅವರ ಬೆನ್ನ ಹಿಂದೆ ಅಕ್ಕಿ ಡಬ್ಬ ಬೋರಲಾಗಿ ಒಣಗುತ್ತಿತ್ತು. ನಾವು ಚೀಲ ವಾಪಸ್ ತಂದೆವು! ಫೋಟೋ ತೆಗೆಯೋದಿಲ್ಲ ಅಂತ ಒಂದು ಮಾತು ಹೇಳಲು ನನಗೂ ಬಾಯಿ ಬರಲಿಲ್ಲ.

ಜೂನ್ 1ರಿಂದ ಜುಲೈ 31, ಅಂದರೆ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಕಡಲಿಗಿಳಿಯೋದಿಲ್ಲ. ಕೋವಿಡ್‌ನಲ್ಲಿ ದುಡಿಯುವವರನ್ನು ಕಳಕೊಂಡ ಮನೆಗಳಿಗೆ ಆಗ ಸಾಮಾನು ಕೊಡುವ ವಿಚಾರವಿದೆ. ದುಡ್ಡು ಕೊಡುವವರೊಬ್ಬರಿಗೆ ಬ್ಯಾನರ್, ಫೋಟೋ ಬೇಕಂತೆ. ಇನ್ನೊಬ್ಬರದು "ನಮ್ಮ ಇಗರ್ಜಿಯವರಿಗೆ ಮಾತ್ರ." ಲೆಕ್ಕವಂತೂ ಕೊಡಲೇಬೇಕು. ನೀವೆಲ್ಲ ಹೇಗೆ ಮಾಡಿದಿರಿ?

ಕುಮಟಾ ಕಿರಾಣಿ:
ಚೀಲ ಹೊರಬೇಡಿ, ಚೀಟಿ ಕೊಡಿ. ನಮ್ಮಲ್ಲಿ ಮುಂಗಡ ದುಡ್ಡು ಇಟ್ಟು ಹೋಗಿದ್ದರು, ಚೀಟಿಯಲ್ಲಿ ಬರೀ ನಂಬರು. ತಂದವರು ಉಳಿದ ಗಿರಾಕಿಗಳ ಜೊತೆಗೇ ನಿಂತು ಬೇಕಾದ್ದು ಒಯ್ದರು. ಲೆಕ್ಕಕ್ಕೆ ನನ್ನ ಬಿಲ್ ಸಾಕಾಯ್ತು. ಇನ್ನೊಂದು, ರೇಷನ್ನಿನ ಬಿಳಿ ಅಕ್ಕಿ ಹೆಚ್ಚಿನವರ ಮನೆಯಲ್ಲಿತ್ತು. ಅವರು ಕೇಳಿದ್ದು ಕುಚಲಕ್ಕಿ, ತೆಂಗಿನೆಣ್ಣೆ, ಸೋಪು. ಒಬ್ಬಾಕೆ ಮೆಲ್ಲಗೆ ಮಗಳಿಗೆ ಪ್ಯಾಡ್ ಕೇಳಿದಳು. ಕಿಟ್ ಕಟ್ಟುವ ಗಂಡಸರಿಗೆ ಇದು ಹೊಳೆಯುತ್ತದಾ?

ಹೊನ್ನಾವರ ಮೇಷ್ಟ್ರು:
ಫೋಟೋದವರಿಗೆ ಬೈಬಲಿನ ಮತ್ತಾಯ 6:3 ಓದಿಸಿ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು. "ನಮ್ಮವರಿಗೆ ಮಾತ್ರ" ಅಂದವರಿಗೆ ಉತ್ತರ ಆಫ್ರಿಕಾದ ಹಳೇ ಪಟ್ಟಣ ಕಾರ್ತೇಜಿನ ಸುದ್ದಿ ಹೇಳಿ. ಮೂರನೇ ಶತಮಾನದಲ್ಲಿ ಅಲ್ಲಿ ಮಹಾಮಾರಿ ಬಂತು. ಅದಕ್ಕೆ ಸ್ವಲ್ಪವೇ ಮೊದಲು ಕ್ರೈಸ್ತರು ಹಿಂಸೆ ತಿಂದಿದ್ದರು. ಆದರೂ ಬಿಷಪ್ ಸಿಪ್ರಿಯನ್, ನಮ್ಮವರನ್ನಷ್ಟೇ ನೋಡಿಕೊಂಡರೆ ಅದರಲ್ಲೇನು ಹೆಚ್ಚುಗಾರಿಕೆ ಅಂದ. ಯಾರಿಗೆ ಕೊಡಬೇಕೆನ್ನುವ ಪಟ್ಟಿಯ ಜಗಳ ಅದಕ್ಕಿಂತ ಹಳೇದು. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು 6ರಲ್ಲಿದೆ: ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟರು ಅಂತ ತಕರಾರು ಎದ್ದೇ ಹಂಚಿಕೆ ನೋಡಿಕೊಳ್ಳಲು ಏಳು ಜನರನ್ನು ಆರಿಸಿದ್ದು. ನಿಮ್ಮ ಪಟ್ಟಿಗೆ ಏಳು ಜನ ಬೇಡ, ವಾರ್ಡಿನ ಆಶಾ ಕಾರ್ಯಕರ್ತೆ ಒಬ್ಬರನ್ನು ಕೂರಿಸಿಕೊಳ್ಳಿ.

ಬೈತಖೋಲದವಳು:
ಚೀಟಿಯೇ ಸೈ. ಬ್ಯಾನರಿನವರು ಮುನಿಸಿಕೊಂಡಿದ್ದಾರೆ, ಇರಲಿ. ಒಂದನೇ ನಂಬರಿನ ಚೀಟಿ ನಾನೇ ಒಯ್ಯುತ್ತೇನೆ, ಮೊಬೈಲ್ ಮನೆಯಲ್ಲಿಟ್ಟು. ಕಿರಾಣಿಯವರೇ, ಕುಚಲಕ್ಕಿ 25 ಕಿಲೋ ಚೀಲಕ್ಕೆ ಈಗ ಎಷ್ಟು ನಡೀತಿದೆ?