ಸಂಗೀತೋತ್ಸವದಲ್ಲಿ ಎದುರು ಕೂತು ಕೇಳಿದ ಒಂದು ರಾತ್ರಿ: ನಿಮಗೆ ನೆನಪಿರುವುದು ಹೇಳಿ

ತುಂಗೆಯ ದಡ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಮಾವಿನ ಮರದಲ್ಲಿ ಮಿಡಿ ಕಾಣಿಸಿದರೆ ಸಾಕು, ನನಗೆ ರಾಮನವಮಿ ಪೆಂಡಾಲ್ ನೆನಪಾಗುತ್ತದೆ. ನಾನು ಬೆಳೆದದ್ದು ಶಿವಮೊಗ್ಗದ ಕೋಟೆ ಕಡೆ. ಯುಗಾದಿ ಕಳೆದು ನವಮಿ ಬಂತು ಅಂದರೆ ದಿನಾ ಸಂಜೆ ಸಂಗೀತ ಕಚೇರಿ. ಆರು ಗಂಟೆಗೇ ಅಜ್ಜಿ ನನ್ನ ಕೈಗೆ ಚಾಪೆ ಕೊಟ್ಟು "ಮುಂದೆ ಜಾಗ ಹಿಡಿ ಹೋಗು" ಅನ್ನುತ್ತಿದ್ದರು. ನಾನು ಓಡುತ್ತಿದ್ದದ್ದು ಪಾನಕ, ಕೋಸಂಬರಿಗಾಗಿ.

ಎಂಟೂವರೆ ಹೊತ್ತಿಗೆ ನಿದ್ದೆ ಎಳೆಯುತ್ತಿತ್ತು. ಅಜ್ಜಿಯ ತೊಡೆ ಮೇಲೆ ಬೋರಲು ಮಲಗುತ್ತಿದ್ದೆ. ಅಜ್ಜಿ ನನ್ನ ಬೆನ್ನ ಮೇಲೆಯೇ ತಾಳ ಹಾಕುತ್ತಿದ್ದರು. ಮೊದಲು ಅಂಗೈ, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಮತ್ತೆ ಅಂಗೈ, ಅದನ್ನು ಮಗುಚಿ ಹಿಂಗೈ, ಮತ್ತೆ ಅಂಗೈ, ಹಿಂಗೈ. ಎಂಟು. ಅದಕ್ಕೆ ಆದಿತಾಳ ಅನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಬೆನ್ನಿಗೆ ಮಾತ್ರ ಮೊದಲೇ ಗೊತ್ತಿತ್ತು. ಒಂದು ರಾತ್ರಿ ಯಾರೋ ತೋಡಿ ರಾಗ ಹಾಡುತ್ತಿದ್ದಾಗ ಅಜ್ಜಿಯ ಕೈ ಮಧ್ಯದಲ್ಲೇ ನಿಂತುಬಿಟ್ಟಿತು. ಅಷ್ಟಕ್ಕೇ ನನಗೆ ಎಚ್ಚರವಾಯಿತು. ತಲೆ ಎತ್ತಿ ನೋಡಿದರೆ ಅಜ್ಜಿ ತಾಳ ಮರೆತು ಸುಮ್ನೆ ಹಾಡುವವರ ಮುಖವನ್ನೇ ನೋಡುತ್ತಿದ್ದರು. ಅವತ್ತು ಹಾಡಿದವರು ಯಾರು ಅಂತ ಈಗ ಹೇಳಲು ಮನೆಯಲ್ಲಿ ಯಾರೂ ಇಲ್ಲ.

ಮೊನ್ನೆ ಮಗಳು ಕೇಳಿದಳು, "ಅಮ್ಮಾ, ಎಲ್ಲ ಫೋನಲ್ಲೇ ಇದೆಯಲ್ಲ, ಅಲ್ಲೇ ಹೋಗಿ ಸೊಳ್ಳೆ ಕಚ್ಚಿಸಿಕೊಂಡು ಯಾಕೆ ಕೂರಬೇಕು?" ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಅವಳೂ ಚೆನ್ನಾಗಿ ಹಾಡುತ್ತಾಳೆ, ಜಾಸ್ತಿ ಕಲಿತದ್ದೂ ಫೋನಿನಿಂದಲೇ. ಅವಳಿಗೆ ಸರಿಯಾದ ಉತ್ತರ ಕೊಡಬೇಕು ಅಂತ ಆಸೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ದೊಡ್ಡ ದೊಡ್ಡ ಹೆಸರುಗಳ ಪಟ್ಟಿ ಬೇಡ. ಎದುರು ಕೂತಿದ್ದಕ್ಕೆ ಮಾತ್ರ ಸಿಕ್ಕಿದ್ದು ಏನು? ಒಂದು ರಾತ್ರಿ, ಒಂದು ಗಳಿಗೆ, ಅಷ್ಟೇ ಹೇಳಿ.

ರವೆ ಮತ್ತು ಕಲ್ಲು

ಅಕ್ಕಾ, ನಿಮ್ಮ ಬೆನ್ನಿನ ತಾಳ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಮೃದಂಗ ನುಡಿಸುವವನು. ನಾನು ಹೇಳುವುದು ವೇದಿಕೆ ಮೇಲಿನ ನೆನಪು.

ನನಗೆ ಆಗ ಹದಿನೇಳು. ನಮ್ಮ ಮೇಷ್ಟರಿಗೆ ಜ್ವರ ಬಂದು, ಅವರ ಬದಲು ನನ್ನನ್ನು ಕಳಿಸಿದರು. ಹಾಡುವವರು ಹಿರಿಯರು, ಅರವತ್ತು ದಾಟಿದ ಹೆಂಗಸು. ಮಧ್ಯಾಹ್ನ ಸುಡು ಬಿಸಿಲು, ಸಂಜೆಗೆ ಗುಡುಗು ಮಳೆ, ನಮ್ಮ ಕಡೆ ಏಪ್ರಿಲ್ ಹೇಗಿರುತ್ತದೆ ಗೊತ್ತಲ್ವಾ. ಮೇಲೆ ತಗಡಿನ ಶೀಟು. ಮೃದಂಗದ ಎಡಗಡೆ ಮುಖಕ್ಕೆ ಕಚೇರಿಗೆ ಮುಂಚೆ ರವೆ ಕಲಸಿ ಹಚ್ಚಬೇಕು, ಆಗಲೇ ಆ ದಪ್ಪ ನಾದ ಬರುವುದು. ಚೀಲ ತೆಗೆದು ನೋಡಿದರೆ ರವೆ ಪೊಟ್ಟಣವೇ ಇಲ್ಲ. ಬೆವರಿಬಿಟ್ಟೆ. ಪಕ್ಕದಲ್ಲಿ ಪಿಟೀಲು ಶ್ರುತಿ ಮಾಡುತ್ತಿದ್ದವರು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು, ಒಬ್ಬ ಹುಡುಗನನ್ನು ಪ್ರಸಾದದ ಅಡುಗೆಯವರ ಹತ್ತಿರ ಓಡಿಸಿದರು. ಅವನು ಬಾಳೆಲೆ ಚೂರಿನಲ್ಲಿ ಒಂದು ಹಿಡಿ ರವೆ ತಂದ. ಮಾರನೇ ದಿನದ ಸಜ್ಜಿಗೆಗೆ ಇಟ್ಟಿದ್ದ ರವೆ ಅದು.

ಅಸಲು ಕಷ್ಟ ಆಮೇಲೆ. ಮಳೆ ಜೋರಾದಂತೆ ತೇವಕ್ಕೆ ಬಲಗಡೆ ಮುಚ್ಚಿಗೆಯ, ಅಂದರೆ ಆ ಕಡೆಯ ಚರ್ಮದ, ಶ್ರುತಿ ಇಳಿಯಲು ಶುರುವಾಯಿತು. ಕಲ್ಲಿನಿಂದ ಅಂಚಿಗೆ ಹೊಡೆದು ಏರಿಸುತ್ತೇನೆ, ಎರಡು ಕೃತಿ ಮುಗಿಯುವುದರೊಳಗೆ ಮತ್ತೆ ಇಳಿಯುತ್ತದೆ. ಇನ್ನೂ ಹೊಡೆದರೆ ಚರ್ಮ ಹರಿಯುತ್ತದೆ ಅನ್ನೋ ಹೆದರಿಕೆ. ದೊಡ್ಡವರ ಹತ್ತಿರ ಇನ್ನೊಂದು ಮೃದಂಗ ಇರುತ್ತದೆ, ನನ್ನ ಹತ್ತಿರ ಇದ್ದದ್ದು ಅದೊಂದೇ. ಮೂರನೇ ಸಲ ನಾನು ಕಲ್ಲು ಎತ್ತಿಕೊಂಡಾಗ ಹಾಡುತ್ತಿದ್ದವರು ನನ್ನ ಕಡೆ ತಿರುಗಿದರು. ಬೈಗುಳ ತಿನ್ನುವುದು ಖಂಡಿತ ಅಂದುಕೊಂಡೆ. ಅವರು ಮೈಕಿಗೆ ಕೈ ಅಡ್ಡ ಹಿಡಿದು, "ಬೇಡ ಮಗು, ಅದಕ್ಕೆ ತೊಂದರೆ ಕೊಡಬೇಡ, ನಾವೇ ಇಳಿಯೋಣ" ಅಂದರು. ಶ್ರುತಿ ಪೆಟ್ಟಿಗೆಯಲ್ಲಿ ಶ್ರುತಿಯನ್ನು ಅರ್ಧ ಮನೆ ಇಳಿಸಿದರು. ಪಿಟೀಲಿನವರು ಒಂದು ಮಾತೂ ಆಡದೆ ನಾಲ್ಕು ತಂತಿಯನ್ನೂ ಇಳಿಸಿಕೊಂಡರು. ಅಷ್ಟು ದೊಡ್ಡವರು ಒಬ್ಬ ಹುಡುಗನ ಮೃದಂಗಕ್ಕಾಗಿ ತಮ್ಮ ಶ್ರುತಿ ಬಿಟ್ಟುಕೊಟ್ಟರು. ಮುಂದೆ ಕೂತಿದ್ದ ಮೂರ್ನಾಲ್ಕು ಜನಕ್ಕೆ ಮಾತ್ರ ಗೊತ್ತಾಗಿರಬೇಕು.

ಆಮೇಲೆ ಮಳೆಯ ಸದ್ದಿಗೆ ಹಿಂದಿನವರಿಗೆ ಏನೂ ಕೇಳುತ್ತಿರಲಿಲ್ಲ. ಜನ ಚಾಪೆ ಎಳೆದುಕೊಂಡು ಮುಂದೆ ಬಂದರು, ಕೊನೆಗೆ ವೇದಿಕೆ ಅಂಚಿನವರೆಗೂ ಬಂದು ಕೂತರು. ತನಿ, ಅಂದರೆ ಮೃದಂಗ ಒಂದೇ ನುಡಿಯುವ ಭಾಗ, ಬಿಟ್ಟಾಗ ಮಿಶ್ರಛಾಪು ತಾಳ, ಏಳರ ಲೆಕ್ಕ. ನನ್ನ ಮೊಣಕಾಲಿನಿಂದ ಒಂದು ಮೊಳ ದೂರದಲ್ಲಿ ಒಬ್ಬ ಅಜ್ಜ ಕಣ್ಣು ಮುಚ್ಚಿಕೊಂಡು ತಾಳ ಹಾಕುತ್ತಿದ್ದರು. ಒಂದು ಕಡೆ ಲೆಕ್ಕ ತಪ್ಪುವುದರಲ್ಲಿದ್ದೆ, ಅವರ ಕೈ ನೋಡಿ ಹಿಡಿದುಕೊಂಡೆ. ಇವತ್ತಿಗೂ ತನಿ ಶುರು ಮಾಡುವ ಮುಂಚೆ ಎದುರಿಗೆ ಅಂಥ ಒಂದು ಕೈ ಹುಡುಕುತ್ತೇನೆ.

ಹೊಸಹಳ್ಳಿ ದಾರಿ

ನಾನು ಹೇಳುವುದು ಕಚೇರಿ ಅಲ್ಲ, ಗಮಕ. ಸಂಗೀತೋತ್ಸವದ ಮಾತಿನಲ್ಲಿ ಅದಕ್ಕೂ ಜಾಗ ಇರಲಿ. ಶಿವಮೊಗ್ಗದ ಹತ್ತಿರ ತುಂಗೆಯ ಈ ದಡದಲ್ಲೊಂದು ಆ ದಡದಲ್ಲೊಂದು ಮತ್ತೂರು, ಹೊಸಹಳ್ಳಿ. ಮತ್ತೂರು ಅಂದರೆ ಜನ ಸಂಸ್ಕೃತ ಅನ್ನುತ್ತಾರೆ. ಹೊಸಹಳ್ಳಿ ಅಂದರೆ ನಮಗೆ ಗಮಕ. ಅದೇ ಊರಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅವರು ತೀರಿಕೊಂಡರು. ಗಮಕ ಅಂದರೆ ಗೊತ್ತಿಲ್ಲದವರಿಗೆ: ಒಬ್ಬರು ಕಾವ್ಯವನ್ನು ರಾಗದಲ್ಲಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ತಾಳ ಇಲ್ಲ. ಪದವನ್ನು ಎಲ್ಲಿ ಬಿಡಿಸಿದರೆ ಅರ್ಥ ತಾನಾಗಿ ಕಾಣುತ್ತದೋ ಅಲ್ಲಿ ಬಿಡಿಸಬೇಕು, ಅದೇ ದೊಡ್ಡ ವಿದ್ಯೆ.

ಅಪ್ಪನ ಸೈಕಲ್ ಹಿಂದೆ ಕೂತು ಹೋಗಿದ್ದೆ. ಕುಮಾರವ್ಯಾಸ ಭಾರತ, ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಭಾಗ. ಓದುವವರು ಒಂದು ಪದ್ಯ ಮುಗಿಸಿದರು. ವ್ಯಾಖ್ಯಾನ ಮಾಡುವವರು ಬಾಯಿ ತೆರೆಯಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆ. ಕೊನೆಗೆ ಅವರು, "ಇದಕ್ಕೆ ನಾನು ಅರ್ಥ ಹೇಳುವುದಿಲ್ಲ, ಇನ್ನೊಂದು ಸಲ ಓದಿ" ಅಂದರು. ಓದುವವರು ಮತ್ತೆ ಓದಿದರು. ರಾಗ ಬೇರೆ. ಮೊದಲ ಸಲ ಕೃಷ್ಣ ಹೇಳುತ್ತಿದ್ದ ಹಾಗಿತ್ತು, ಎರಡನೇ ಸಲ ಕರ್ಣ ಕೇಳಿಸಿಕೊಳ್ಳುತ್ತಿದ್ದ ಹಾಗಿತ್ತು. ನಿಜವಾಗಿ ಹಾಗೇ ಅನಿಸಿತು, ನಾನು ಬಣ್ಣ ಹಚ್ಚಿ ಹೇಳುತ್ತಿಲ್ಲ. ಬರುವಾಗ ಅಪ್ಪ ಸೈಕಲ್ ತುಳಿಯಲೇ ಇಲ್ಲ, ದಾರಿಯುದ್ದಕ್ಕೂ ತಳ್ಳಿಕೊಂಡು ನಡೆದರು. ನಾನೂ ಯಾಕೆ ಅಂತ ಕೇಳಲಿಲ್ಲ.

ಭದ್ರಾವತಿ ಹುಡುಗ

ಶಾಸ್ತ್ರೀಯ ಮಾತ್ರ ಅಲ್ಲ, ನಮ್ಮ ಗಣಪತಿ ಆರ್ಕೆಸ್ಟ್ರಾನೂ ಸೇರಿಸಿಕೊಳ್ಳಿ. ಭದ್ರಾವತಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿದವರು ಕಾರ್ಖಾನೆ ಬಟ್ಟೆಯಲ್ಲೇ ಸೈಕಲ್ ನಿಲ್ಲಿಸಿ ನೋಡುತ್ತಿದ್ದರು, ನನ್ನಪ್ಪನೂ ಒಬ್ಬರು. ಅವರು ಬಂದರು ಅಂತ ಗೊತ್ತಾದರೆ ಹಾಡುವವರು ಭಾವಗೀತೆ ತೆಗೆಯುತ್ತಿದ್ದರು. ಶಿವಮೊಗ್ಗ ಸುಬ್ಬಣ್ಣ ನಮ್ಮ ಜಿಲ್ಲೆಯವರು, ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನವರು, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಮೊದಲ ಕನ್ನಡ ಗಾಯಕ. ಅವರ ಹಾಡನ್ನು ನಮ್ಮೂರ ಹುಡುಗ ಹಾಡಿದರೆ ಅಪ್ಪ ಎರಡು ಕೈಯನ್ನೂ ಎತ್ತಿ ಚಪ್ಪಾಳೆ ಹೊಡೆಯುತ್ತಿದ್ದರು. ಮನೆಯಲ್ಲಿ ಅಪ್ಪ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿಲ್ಲ.

ಸೋಗೆ ಚಪ್ಪರ (ಸಾಗರ)

ನಿಮ್ಮೆಲ್ಲರ ಹಾಗೆ ನಾನು ಎದುರು ಕೂತು ಕೇಳಿದವಳಲ್ಲ. ಅಡುಗೆಮನೆಯಿಂದ ಕೇಳಿದವಳು. ಆದರೂ ಹೇಳುತ್ತೇನೆ.

ನಮ್ಮ ಕಡೆ ಹಿಂದೂಸ್ತಾನಿ ಜಾಸ್ತಿ. ಅಡಿಕೆ ಕೊಯ್ಲು, ಸುಲಿಯುವುದು ಎಲ್ಲ ಮುಗಿದ ಮೇಲೆ ಮನೆಯ ಅಂಗಳದಲ್ಲೇ ಸೋಗೆ ಚಪ್ಪರ ಹಾಕಿ ಅಹೋರಾತ್ರಿ ಸಂಗೀತ ಇಡುತ್ತಿದ್ದರು. ಸಂಜೆ ಯಮನ್, ಊಟ ಆದ ಮೇಲೆ ಬಾಗೇಶ್ರೀ, ನಡುರಾತ್ರಿ ಮಾಲಕಂಸ, ಬೆಳಗಿನ ಜಾವಕ್ಕೆ ಲಲಿತ್, ಕೊನೆಗೆ ಭೈರವಿ. ನನಗೆ ರಾಗ ಗುರುತು ಸಿಕ್ಕಿದ್ದು ಕೆಲಸದ ಲೆಕ್ಕದಲ್ಲಿ. ಬಾಗೇಶ್ರೀ ಅಂದರೆ ಪಾತ್ರೆ ತೊಳೆಯುವ ಹೊತ್ತು. ಮಾಲಕಂಸ ಅಂದರೆ ಎರಡನೇ ಹಂಡೆ ಕಷಾಯ. ಇನ್ನೂರು ಜನಕ್ಕೆ ಕಷಾಯ, ಅವಲಕ್ಕಿ ಆಗಬೇಕಲ್ಲ. ಸಂಗೀತಕ್ಕೆ ಜೀವ ಬಿಡುತ್ತಿದ್ದ ನಮ್ಮ ಅತ್ತೆ ಹೊಗೆಯಲ್ಲಿ ಕೂತು ಒಲೆ ಊದುತ್ತಾ ಕೇಳುತ್ತಿದ್ದರು. ಚೆನ್ನಾಗಿ ಬರುವ ಕಡೆ ಊದುಗೊಳವೆ ಕೆಳಗಿಡುತ್ತಿದ್ದರು. ಒಳ್ಳೆ ಜಾಗದಲ್ಲಿ ಕೂತವರು ಯಾರೂ ಒಳಗೆ ಬಂದು "ನೀವೂ ಬನ್ನಿ" ಅನ್ನುತ್ತಿರಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರು.

ಒಂದು ವರ್ಷ, ನಾಲ್ಕೂವರೆ ಇರಬೇಕು, ಲಲಿತ್ ಹಾಡುವುದಕ್ಕೆ ಮುಂಚೆ ಕಲಾವಿದರು ಬಾಯಿ ತೊಳೆಯಲು ಹಿತ್ತಲಿಗೆ ಬಂದರು. ಅಡುಗೆಮನೆ ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ನೋಡಿದರು. ಏನೂ ಹೇಳದೆ ಹೋಗಿ ಚಪ್ಪರದಲ್ಲಿ, "ಒಳಗೆ ಇದ್ದವರು ಬಂದು ಕೂರುವವರೆಗೆ ನಾನು ಶುರು ಮಾಡುವುದಿಲ್ಲ" ಅಂದರಂತೆ. ನಾವು ಸೆರಗಿಗೆ ಕೈ ಒರೆಸಿಕೊಂಡು ಹೋದೆವು. ಮುಂದಿನ ಸಾಲು ಬಿಡಿಸಿಕೊಟ್ಟರು. ರಾತ್ರಿಯಿಡೀ ಗೋಡೆ ಈಚೆಯಿಂದ ಕೇಳಿದ ದನಿ ಎದುರಿಗೆ ಬಂದಾಗ ಅದು ಎಷ್ಟು ಮೆತ್ತಗಿತ್ತು ಗೊತ್ತಾ! ಷಡ್ಜಕ್ಕೆ ಬಂದು ನಿಲ್ಲುವ ಮುಂಚೆ ಅವರು ಎಳೆಯುವ ಸಣ್ಣ ಉಸಿರು ಕೂಡ ಕೇಳುತ್ತಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿದರೂ ಅತ್ತೆ ಏಳಲಿಲ್ಲ. ಅವತ್ತು ಹಾಲು ಕರೆದದ್ದು ಮಾವ.

ಪುಷ್ಯದ ಪಂಚಮಿ (ತೀರ್ಥಹಳ್ಳಿ)

ಸೋಗೆ ಚಪ್ಪರದ ಅಕ್ಕನಿಗೆ ನಮಸ್ಕಾರ. ಕಣ್ಣು ಒದ್ದೆಯಾಯಿತು.

ನಮ್ಮಲ್ಲಿ ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ, ಹತ್ತು ದಿನ ಬಿಟ್ಟು ಅಮಾವಾಸ್ಯೆಗೆ ಪುರಂದರದಾಸರದ್ದು. ದಾಸರು ನಮ್ಮ ಆರಗದ ಕಡೆಯವರು ಅಂತ ಊರಿನವರಿಗೆಲ್ಲ ಅಭಿಮಾನ, ಹಾಗಾಗಿ ಎರಡೂ ಜೋರು. ನಾನು ಹೇಳಬೇಕಾದ್ದು ತ್ಯಾಗರಾಜರ ಪಂಚರತ್ನದ ಬಗ್ಗೆ, ಮೂಲ ಪ್ರಶ್ನೆಗೆ ಇದೇ ಉತ್ತರ ಅನಿಸುತ್ತದೆ. ಐದು ಕೃತಿ, ಐದು ರಾಗ: ನಾಟ, ಗೌಳ, ಆರಭಿ, ವರಾಳಿ, ಶ್ರೀ. ನಮ್ಮ ಟೀಚರ್ ನಾಲ್ಕನ್ನು ಪಾಠ ಮಾಡಿದರು, ವರಾಳಿ ಮಾತ್ರ ಮಾಡಲಿಲ್ಲ. ವರಾಳಿಯನ್ನು ಎದುರು ಕೂರಿಸಿ ಹೇಳಿಕೊಟ್ಟರೆ ಗುರು ಶಿಷ್ಯರಿಗೆ ಮನಸ್ತಾಪ ಬರುತ್ತದೆ ಅನ್ನುವ ಹಳೇ ನಂಬಿಕೆ. "ಗೋಷ್ಠಿಯಲ್ಲಿ ಎಲ್ಲರೂ ಸೇರಿ ಹಾಡುವಾಗ ನನ್ನ ಪಕ್ಕ ಕೂತುಕೋ, ಅಷ್ಟೇ" ಅಂದರು. ಮೊದಲ ವರ್ಷ ಬರೀ ತುಟಿ ಆಡಿಸಿದೆ. ಎರಡನೇ ವರ್ಷ ಪಲ್ಲವಿ ಬಂತು. ಐದನೇ ವರ್ಷಕ್ಕೆ ಪೂರ್ತಿ ಬಂತು. ಪಕ್ಕದಲ್ಲಿ ಟೀಚರ್ ಹಾಡುವುದನ್ನು ನಿಲ್ಲಿಸಿ ನನ್ನ ದನಿ ಕೇಳಿಸಿಕೊಳ್ಳುತ್ತಿದ್ದದ್ದು ಗೊತ್ತಾಯಿತು. ಏನೂ ಹೇಳಲಿಲ್ಲ, ಮಂಡಿ ಮೇಲೆ ಒಂದು ಸಲ ತಟ್ಟಿದರು. ಈಗ ನನ್ನ ಮಕ್ಕಳಿಗೆ ನಾನೂ ವರಾಳಿ ಪಾಠ ಮಾಡಿಲ್ಲ. ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ನಿಮ್ಮ ಮಗಳನ್ನೂ ಕರೆದುಕೊಂಡು ಬನ್ನಿ, ಈ ಸಲ ನಮ್ಮ ಸಾಲಿನಲ್ಲೇ ಕೂರಲಿ.

ತುಂಗೆಯ ದಡ (ಶಿವಮೊಗ್ಗ)

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಶ್ರುತಿ ಇಳಿಸಿದ ಕಡೆ "ಇನ್ನೊಂದು ಸಲ ಓದು" ಅಂದಳು. ಪಂಚಮಿಗೆ ತೀರ್ಥಹಳ್ಳಿಗೆ ಖಂಡಿತ ಬರುತ್ತೇವೆ.

ಇನ್ನೊಂದು ವಿಷಯ. ನಮ್ಮ ಬೀದಿಯ ದೇವಸ್ಥಾನದಲ್ಲಿ ಈ ವರ್ಷ ನವಮಿಗೆ ಒಂದು ದಿನ ಕಚೇರಿ ಇಡೋಣ ಅಂತ ನಾಲ್ಕು ಮನೆಯವರು ಮಾತಾಡಿಕೊಂಡಿದ್ದೇವೆ. ಕಲಾವಿದರಿಗೆ ಏನೇನು ಸಿದ್ಧ ಮಾಡಿ ಇಡಬೇಕು? ರವೆ ಯಾವುದು?

ರವೆ ಮತ್ತು ಕಲ್ಲು

ಚಿರೋಟಿ ರವೆ ಅಕ್ಕಾ, ಸಣ್ಣದು. ದಪ್ಪ ರವೆ ಹಿಡಿದು ನಿಲ್ಲುವುದಿಲ್ಲ. ಒಂದು ಹಿಡಿ ಸಾಕು, ಒಂದು ಬಟ್ಟಲು ನೀರು, ಕೈ ಒರೆಸಲು ಒಂದು ಹಳೇ ಬಟ್ಟೆ. ಹಾಡುವವರಿಗೆ ಫ್ಲಾಸ್ಕಿನಲ್ಲಿ ಬಿಸಿನೀರು. ಫ್ಯಾನ್ ಅವರ ಮುಖಕ್ಕೆ ನೇರ ಬೇಡ. ಮೇಲೆ ತಗಡಿನ ಶೀಟಿದ್ದರೆ ಚಾಪೆಗಳನ್ನು ಮೊದಲೇ ವೇದಿಕೆಗೆ ಹತ್ತಿರ ಹಾಸಿಬಿಡಿ, ಮಳೆ ಬಂದೇ ಬರುತ್ತದೆ.

ಸೋಗೆ ಚಪ್ಪರ (ಸಾಗರ)

ಕಾಫಿ, ಕಷಾಯ ಎಲ್ಲ ಐದು ಗಂಟೆಗೇ ಮಾಡಿ ಫ್ಲಾಸ್ಕಿಗೆ ತುಂಬಿಡಿ. ಕಚೇರಿ ಶುರುವಾಗುವ ಮುಂಚೆ ಒಲೆ ಆರಿಸಿ, ಅಡುಗೆಮನೆಗೆ ಚಿಲಕ ಹಾಕಿ ಎಲ್ಲರೂ ಬಂದು ಕೂತುಕೊಳ್ಳಿ. ಬಡಿಸುವುದು ಮಂಗಳ ಆದ ಮೇಲೆ.